ಬೋರೆ ಮರದಡಿಯ ನೆತ್ತರ ಗುಂಡಿ

ಮೊನ್ನೆ ದೋಹಾದ ಮದೀನತ್ ಖಲೀಫಾದ ಒಂದು ವಿಲ್ಲಾದಿಂದ ನಮ್ಮ ಎ.ಸಿ. ಕಂಪೆನಿಗೆ ಕಂಪ್ಲೇಂಟ್ ಬಂತು. ಟೆಕ್ನಿಷಿಯನ್‌ನನ್ನು ಕಳಿಸಿದರೆ ಮುಗಿಯುವ ಕೆಲಸ, ಸುಪರ್‌ವೈಸರ್ ಹೋಗಬೇಕಾಗಿಲ್ಲ. ವಿಳಾಸ ನೋಡಿ ನಾನೇ ಹೊರಟೆ. ಆ ವಿಲ್ಲಾದ ಹಿಂದಿನ ಭಾಗದಲ್ಲಿ ನಾನೂ ನನ್ನ ಹೆಂಡತಿ ಯಶೋದೆಯೂ ಕೆಲವು ವರ್ಷ ಬಾಡಿಗೆಗೆ ಇದ್ದೆವು. ಗೇಟು ದಾಟುತ್ತಿದ್ದಂತೆ ಒಳಗಿನಿಂದ ಉಪ್ಪುಮೀನು ಹುರಿಯುವ ವಾಸನೆ ಬಂತು. ಈಗ ಅಲ್ಲಿರುವುದು ಒಂದು ಫಿಲಿಪೀನೊ ಸಂಸಾರ, ಅವರಿಗೂ ಒಣಮೀನೆಂದರೆ ಪ್ರಾಣ. ಮೂಗಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ? ನನ್ನ ಕೈ ತಾನಾಗಿ ನೆತ್ತಿಗೆ ಹೋಯಿತು. ಕೂದಲಿನ ನಡುವೆ ಅಲ್ಲೊಂದು ಬೆರಳುದ್ದದ ಕಲೆ ಇದೆ. ಕ್ಷೌರದವರೆಲ್ಲ ಕೇಳುತ್ತಾರೆ, ಯಾರಿಗೂ ನಿಜ ಹೇಳಿದ್ದಿಲ್ಲ.

ಅಂಗಳದ ಬೋರೆ ಮರ ಹಾಗೇ ಇದೆ. ಇಲ್ಲಿಯವರು ಸಿದ್ರ್ ಎನ್ನುವ ಮರ. ಅದರ ಬುಡದ ಮಣ್ಣು ಮಾತ್ರ ಕಾಣಲಿಲ್ಲ; ಓನರ್ ಇಡೀ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದಾನೆ. ಅಲ್ಲೊಂದು ಗುಂಡಿ ಇತ್ತು, ತೆಂಗಿನ ಚಿಪ್ಪಿನಷ್ಟು ದೊಡ್ಡದು. ಅದರೊಳಗೆ ಇಬ್ಬರ ನೆತ್ತರು ಬಿದ್ದಿದೆ, ಒಬ್ಬ ನಾನು. ನಾನು ನೆಲ ನೋಡುತ್ತಾ ನಿಂತದ್ದನ್ನು ಕಂಡು ಮನೆಯಾಕೆ, "ಸರ್, ಎ.ಸಿ. ಒಳಗಿರುವುದು," ಎಂದಳು.

ಕೊರೊನಾ ಮುಗಿದು, ಫುಟ್‌ಬಾಲ್ ವಿಶ್ವಕಪ್ಪಿನ ಗೌಜಿಯೂ ಇಳಿದ ಮರುವರ್ಷದ ಚಳಿಗಾಲ ಅದು. ವಿಲ್ಲಾವನ್ನು ಓನರ್ ಮೂರು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದ. ಮೇಲೆ ಮೈಸೂರಿನ ರಂಗನಾಥ್ ಸಾರ್, ಯಾವುದೋ ಆಫೀಸಿನಲ್ಲಿ ಅಕೌಂಟ್ಸ್ ಮ್ಯಾನೇಜರ್, ಒಬ್ಬರೇ. ಹಿಂದೆ ನಾವು, ಕಾರ್ಕಳದ ಕಡೆಯ ತುಳುವರು. ಮುಂದಿನ ಭಾಗಕ್ಕೆ ಆ ನವೆಂಬರಿನಲ್ಲಿ ಬಂದವರು ಕರ್ಟಿಸ್ ಮತ್ತು ಅವನ ಹೆಂಡತಿ ಮರ್ಲೀನ್, ಟ್ರಿನಿಡಾಡ್ ದ್ವೀಪದವರು. ವೆಸ್ಟ್ ಇಂಡೀಸಿನ ಕ್ರಿಕೆಟ್ಟಿನಿಂದ ಆ ಹೆಸರು ಗೊತ್ತಿತ್ತೇ ಹೊರತು ಭೂಪಟದಲ್ಲಿ ತೋರಿಸು ಎಂದಿದ್ದರೆ ಬಾಯಿ ಬಿಡುತ್ತಿದ್ದೆ. ಅಲ್ಲಿಯೂ ಸಮುದ್ರದಡಿ ಗ್ಯಾಸ್ ಸಿಗುತ್ತದಂತೆ. ಇಲ್ಲಿನ ಗ್ಯಾಸ್ ಪ್ಲಾಂಟಿಗೆ ಸೇರುವ ಹೊಸಬರಿಗೆ ಟ್ರೈನಿಂಗ್ ಕೊಡಲು ಕರ್ಟಿಸ್ ಬಂದಿದ್ದ.

ನಮ್ಮ ಪರಿಚಯವಾದದ್ದೇ ಜಗಳದಲ್ಲಿ. ಬಂದ ಮರುದಿನವೇ ಅವನು ತನ್ನ ದೊಡ್ಡ ಕಾರನ್ನು ನನ್ನ ಪಿಕಪ್ಪಿಗೆ ಅಡ್ಡ ನಿಲ್ಲಿಸಿ ಮಲಗಿದ್ದ. ನನಗೋ ಕೋಪ ಮೂಗಿನ ತುದಿಯಲ್ಲಿ. ಕೋಳಿ ಅಂಕಕ್ಕೆ ಹುಂಜ ಸಾಕುತ್ತಿದ್ದ ನನ್ನ ಅಪ್ಪ, "ಹುಂಜದ ಕಾಲಿಗೆ ಕತ್ತಿ ಕಟ್ಟುವ ಬದಲು ಇವನ ಕಾಲಿಗೆ ಕಟ್ಟಿದ್ರೆ ಗೆದ್ದು ಬರ್ತಾನೆ," ಎಂದು ಹಂಗಿಸುತ್ತಿದ್ದುದು ಸುಮ್ಮನೆ ಅಲ್ಲ. ನಾನು ಆ ಕಾರಿನ ಟೈರಿಗೆ ಒದ್ದೆ. ಅಲಾರಂ ಕೂಗಿತು. ಆರಡಿ ಮೀರಿದ ಆಳು ಬನಿಯನಿನಲ್ಲೇ ಹೊರಗೆ ಬಂದ.

"ಒದ್ದದ್ದು ಯಾರು?"

"ನಾನು. ಇನ್ನೊಮ್ಮೆ ಒದೀಬೇಕಾ?"

ಅವನ ಇಂಗ್ಲಿಷು ಅರ್ಧ ಹಾಡಿದ ಹಾಗೆ, ಅರ್ಧ ನುಂಗಿದ ಹಾಗೆ. ನನ್ನ ಕಿವಿಗೆ ಅದು ನಮ್ಮ ಊರಿನ ಮಾತಾಗಿಯೇ ಬೀಳುತ್ತಿತ್ತು, ಹಾಗೇ ಬರೆಯುತ್ತೇನೆ. ಅಂದು ಇಬ್ಬರೂ ಎದೆಗೆ ಎದೆ ತಾಗುವಷ್ಟು ಹತ್ತಿರ ನಿಂತು ಬೈದುಕೊಂಡೆವು. ರಂಗನಾಥ್ ಸಾರ್ ಬಾಲ್ಕನಿಯಿಂದ, "ಏನ್ರೀ ಇದು, ಬೆಳಬೆಳಗ್ಗೆ!" ಎಂದು ಕೂಗಿದ ಮೇಲೆ ಕಾರು ತೆಗೆದ.

ಆ ಸಂಜೆ ಅವರ ಅಡುಗೆಮನೆಯಿಂದ ದಬದಬ ಬಡಿಯುವ ಸದ್ದು ಕೇಳಿತು. ನಿಲ್ಲುತ್ತಲೇ ಇಲ್ಲ. ಯಶೋದಾ ನನ್ನನ್ನು ನೂಕಿದಳು. "ಹೋಗಿ ನೋಡಿ ಮಾರಾಯ್ರೆ, ಆ ಹೆಂಗಸನ್ನು ಹೊಡೆದು ಕೊಲ್ತಾ ಇದ್ದಾನೆ!" ನಾನು ಸ್ಪ್ಯಾನರ್ ಹಿಡಿದು ನುಗ್ಗಿದೆ. ನೋಡಿದರೆ ಮರ್ಲೀನ್ ಎರಡು ಮರದ ಸಟ್ಟುಗಗಳಿಂದ ಕಾವಲಿಯ ಮೇಲಿನ ಪರೋಟವನ್ನು ಬಡಿಯುತ್ತಿದ್ದಾಳೆ. ಬಡಿದು ಬಡಿದು ಹರಿದ ಅಂಗಿಯಂತೆ ಮಾಡುವುದೇ ಅವರ ಊರಿನ ಕ್ರಮವಂತೆ. ಕರ್ಟಿಸ್ ಮೂಲೆಯಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಸ್ಪ್ಯಾನರ್ ನೋಡಿದ, ನನ್ನ ಮುಖ ನೋಡಿದ. "ಪರೋಟವನ್ನು ಬಿಡಿಸ್ಲಿಕ್ಕೆ ಬಂದದ್ದಾ?" ಎಂದ. ಆಮೇಲೆ ನಾವು ಮೂವರೂ ನಕ್ಕದ್ದು ನೆನೆದರೆ ಈಗಲೂ ಹೊಟ್ಟೆ ನೋಯುತ್ತದೆ.

ಮರ್ಲೀನಳ ಮುತ್ತಜ್ಜಿಯ ಕಾಲದವರು ಕಬ್ಬು ಕಡಿಯಲು ನಮ್ಮ ದೇಶದಿಂದ ಹಡಗು ಹತ್ತಿದವರು. ಊರು ಯಾವುದೆಂದು ಅವಳಿಗೆ ಗೊತ್ತಿಲ್ಲ. ಕರ್ಟಿಸನ ಕಡೆಯವರನ್ನು ಅದಕ್ಕೂ ಮೊದಲು ಆಫ್ರಿಕಾದಿಂದ ಕಟ್ಟಿ ತಂದದ್ದು. ಒಂದು ಶುಕ್ರವಾರ ನಾನು ಬಕೆಟ್ ಬೋರಲು ಹಾಕಿ ನಮ್ಮ ಹುಲಿವೇಷದ ತಾಸೆಯ ಪೆಟ್ಟು ಬಾರಿಸಿದಾಗ ಮರ್ಲೀನ್ ಒಳಗಿನಿಂದ ಓಡಿ ಬಂದಳು. ಅವಳ ಅಜ್ಜನ ಮನೆಯ ಮದುವೆಗಳಲ್ಲಿಯೂ ತಾಸೆ, ಅದೇ ಹೆಸರು. ಅವಳಿಗೆ ಕಣ್ಣು ತುಂಬಿತು. ಕರ್ಟಿಸ್ ಒಳಗೆ ಹೋಗಿ ಒಂದು ಕೋಲು ತಂದ.

ಎದೆಯೆತ್ತರದ, ಎಣ್ಣೆ ಕುಡಿದು ಕಪ್ಪಾದ ಕೋಲು. ಊರುಗೋಲು ಎಂದು ಹೇಳಿ ವಿಮಾನದಲ್ಲಿ ತಂದದ್ದು. ಅವರ ಊರಿನಲ್ಲಿ ಕಾರ್ನಿವಲ್ ಹಬ್ಬಕ್ಕೆ ಮೊದಲಿನ ವಾರಗಳೆಲ್ಲ ಕೋಲಿನ ಕಾಳಗದ ಕಾಲ. ಬಯಲಿನಲ್ಲಿ ಜನ ಸುತ್ತುಗಟ್ಟುತ್ತಾರೆ, ಡೋಲು ಬಡಿಯುತ್ತಾರೆ, ಇಬ್ಬರು ಎದುರುಬದುರು ಕುಣಿಯುತ್ತಾ ಬಂದು ಒಬ್ಬರ ತಲೆಗೆ ಒಬ್ಬರು ಬೀಸುತ್ತಾರೆ. ಹುಡುಗಾಟಿಕೆಯಲ್ಲ, ತಲೆಬುರುಡೆ ಬಿರಿಯುವ ಪೆಟ್ಟು. ನೆತ್ತರು ಕಂಡರೆ ಮುಗಿಯಿತು. ಬಯಲಿನ ನಡುವೆ ಒಂದು ಗುಂಡಿ ಇರುತ್ತದೆ. ತಲೆ ಒಡೆದವನು ಅದರ ಮೇಲೆ ಬಗ್ಗಿ ನೆತ್ತರನ್ನು ಮಣ್ಣಿಗೆ ಬಿಡಬೇಕು.

"ಗುಂಡಿಗೆ ಬಿದ್ದದ್ದು ಭೂಮಿಯದ್ದು," ಎಂದ ಕರ್ಟಿಸ್. "ಅದನ್ನು ಮತ್ತೆ ಎತ್ಲಿಕ್ಕಿಲ್ಲ. ಹೊಡೆದವನೂ ಹೊಡೆಸಿಕೊಂಡವನೂ ಒಟ್ಟಿಗೆ ನಿಂತು ತಿನ್ಬೇಕು. ಸೇಡು ಇಟ್ಟುಕೊಂಡವ ಗಂಡಸೇ ಅಲ್ಲ."

"ನಮ್ಮಲ್ಲಿ ಅಂಕದಲ್ಲಿ ಸೋತ ಕೋಳಿಯನ್ನು ಗೆದ್ದವ ತಕ್ಕೊಂಡು ಹೋಗಿ ಸಾರು ಮಾಡ್ತಾನೆ," ಎಂದೆ. ಅವನು ತೊಡೆ ಬಡಿದು ನಕ್ಕ.

ಬೋರೆ ಮರದಡಿ ಗುಂಡಿ ತೋಡಿದ್ದು ಅವನೇ. ಅದಿಲ್ಲದೆ ಕೋಲು ಹಿಡಿದರೆ ಬತ್ತಲೆ ನಿಂತ ಹಾಗಾಗುತ್ತದಂತೆ. ಶುಕ್ರವಾರ ಬೆಳಿಗ್ಗೆ ನಾನು ಬಕೆಟ್ ಬಾರಿಸುವುದು, ಅವನು ಗಾಳಿಗೆ ಕೋಲು ಬೀಸುತ್ತಾ ಕುಣಿಯುವುದು. ಆ ದೊಡ್ಡ ದೇಹ ಅಷ್ಟು ಹಗುರ ಹೇಗಾಗುತ್ತಿತ್ತೋ! ಹಿಂದಿನಿಂದ ಬೋರೆ ಹಣ್ಣು ಎಸೆದರೂ ತಿರುಗದೆ ಕೋಲಿನಿಂದ ತಡೆಯುತ್ತಿದ್ದ. "ನಾನು ತಡೆಯುವುದಲ್ಲ, ಕೈಯೇ ಏಳ್ತದೆ," ಎನ್ನುತ್ತಿದ್ದ. ಡಿಸೆಂಬರಿನ ನ್ಯಾಷನಲ್ ಡೇಗೆ ಕತಾರಿಗಳು ಡೇರೆಯ ಮುಂದೆ ಸಾಲಾಗಿ ನಿಂತು ಖಡ್ಗ ಹಿಡಿದು ತೂಗುವ ಕುಣಿತ ನೋಡಲು ಹೋದಾಗ ಅವನ ಭುಜ ನಿಲ್ಲಲೇ ಇಲ್ಲ. ಒಬ್ಬ ಮುದುಕ, "ಯಲ್ಲಾ, ತಾಲ್!" ಎಂದು ಕರೆದು ತನ್ನ ಬೆತ್ತ ಕೊಟ್ಟು ಸಾಲಿಗೆ ಎಳೆದುಕೊಂಡ. ಅವತ್ತು ಕರ್ಟಿಸನ ಮುಖದಲ್ಲಿದ್ದ ಸಂತೋಷವನ್ನು ಮತ್ತೆ ನಾನು ನೋಡಲಿಲ್ಲ.

ಕೂತರೆ ಅವನಿಗೆ ಊರಿನದೇ ಮಾತು. ಟಾರಿನ ಕೆರೆಯ ಮಾತು: ನೀರಿಲ್ಲ, ಬರೀ ಟಾರು, ಟೂರಿಸ್ಟುಗಳು ಮೇಲೆ ನಡೆಯುತ್ತಾರೆ, ಹೆಚ್ಚು ಹೊತ್ತು ನಿಂತರೆ ಕಾಲು ಹೂಳುತ್ತದೆ. ಅದು ಇವತ್ತು ನುಂಗಿದ ಮರದ ದಿಮ್ಮಿಯನ್ನು ಎಷ್ಟೋ ಕಾಲದ ಮೇಲೆ ಬೇರೆಲ್ಲೋ ಮೇಲಕ್ಕೆ ತಳ್ಳುತ್ತದಂತೆ. ಉಪ್ಪುನೀರಿನ ಕಾಂಡ್ಲ ಗಿಡಗಳ ಜೌಗಿಗೆ ಸಂಜೆ ಇಳಿಯುವ ಕೆಂಪು ಹಕ್ಕಿಗಳು, ಅವನ್ನು ಕದ್ದು ಹೊಡೆದು ಸಾರು ಮಾಡುವ ಕಳ್ಳರು. ಕಾರ್ನಿವಲ್ಲಿನ ನಸುಕಿನಲ್ಲಿ ಮೈಗೆಲ್ಲ ಕೆಸರು, ಎಣ್ಣೆ, ನೀಲಿ ಬಳಿದುಕೊಂಡು ಬಾಯಿಂದ ಬೆಂಕಿ ಉಗುಳುತ್ತಾ ಬೀದಿಗೆ ಬರುವ ಭೂತಗಳು. ಎಲ್ಲಕ್ಕಿಂತ ಹೆಚ್ಚು ಅವನ ತಮ್ಮ ಡೆಕ್ಸ್ಟರನ ಮಾತು. ಟ್ಯಾಕ್ಸಿ ಓಡಿಸುತ್ತಿದ್ದ, ಅಣ್ಣನಿಂದಲೇ ಕೋಲು ಕಲಿತವ. ಅಣ್ಣತಮ್ಮ ಇಬ್ಬರೂ ದಿನಾ ಬೆಳಿಗ್ಗೆ ಮನೆಯ ತಿರುವಿನ ಗಾಡಿಯಲ್ಲಿ ಡಬಲ್ಸ್ ತಿನ್ನುವುದು. ಅರಿಶಿನ ಹಾಕಿದ ಎರಡು ಮೆತ್ತನೆಯ ರೊಟ್ಟಿ, ನಡುವೆ ಕಡಲೆ ಗಸಿ. ಗಾಡಿಯವ ಪ್ರತಿಯೊಬ್ಬನನ್ನೂ ಕೇಳುವುದು ಒಂದೇ ಪ್ರಶ್ನೆ, ಖಾರ ಎಷ್ಟು? "ಡೆಕ್ಸ್ಟರ್ ಹೆಚ್ಚು ಅಂತಾನೆ, ಆಮೇಲೆ ಕಣ್ಣಲ್ಲಿ ನೀರು ಸುರಿಸ್ತಾನೆ, ಬೇವರ್ಸಿ," ಎಂದು ನಗುತ್ತಿದ್ದ.

ಜನವರಿಯ ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಿದ್ದೆ. ಮುಂದಿನ ಮನೆಯಿಂದ ಒಂದು ಕೂಗು ಬಂತು. ಮನುಷ್ಯನ ಸ್ವರ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಹೋದರೆ ಕರ್ಟಿಸ್ ಫ್ರಿಜ್ಜಿನ ಬಾಗಿಲನ್ನು ಕಿತ್ತು ಕೆಳಗೆ ಹಾಕಿದ್ದ. ಮುಷ್ಟಿಯಿಂದ ಗೋಡೆಗೆ ಗುದ್ದಿ ಗುದ್ದಿ ಗೆಣ್ಣುಗಳ ಚರ್ಮ ಸುಲಿದಿತ್ತು. ಮರ್ಲೀನ್ ಹೇಳಿದಳು. ಕೋಲಿನ ಕಾಳಗದಲ್ಲಿ ಡೆಕ್ಸ್ಟರ್ ಪಕ್ಕದ ಗುಡ್ಡದ ಒಬ್ಬ ಹುಡುಗನ ತಲೆ ಒಡೆದಿದ್ದ. ಆ ಹುಡುಗ ಗುಂಡಿಯ ಹತ್ತಿರ ಬಗ್ಗಿ ನೆತ್ತರು ಬಿಟ್ಟ, ಎಲ್ಲರ ಎದುರು ಕೈಯನ್ನೂ ಕುಲುಕಿದ. ಆಮೇಲೆ ಮನೆಗೆ ಹೋಗಿ ಪಿಸ್ತೂಲು ತಂದ. ಡೆಕ್ಸ್ಟರ್ ಟ್ಯಾಕ್ಸಿಯ ಸ್ಟೇರಿಂಗ್ ಹಿಡಿದುಕೊಂಡೇ ಸತ್ತ. ನೋಡಿದವರು ಬೇಕಾದಷ್ಟು ಜನ, ಸಾಕ್ಷಿ ಹೇಳುವವರು ಒಬ್ಬರೂ ಇಲ್ಲ. ಕೊಂದವನು ಊರಿನಲ್ಲೇ ತಿರುಗುತ್ತಿದ್ದಾನೆ.

"ಗುಂಡಿಯಿಂದ ಎತ್ತಿದ," ಎನ್ನುತ್ತಿದ್ದ ಕರ್ಟಿಸ್. ಬೇರೆ ಮಾತೇ ಇಲ್ಲ. "ಗುಂಡಿಯಿಂದ ಎತ್ತಿದ, ಸದಾ."

ನನ್ನ ಹೆಸರು ಸದಾಶಿವ. ಅವನ ಬಾಯಿಯಲ್ಲಿ ಅದು ಸದಾ. ನಾನು ಅವನ ಪಕ್ಕ ಕೂತೆ. ನನಗೂ ಕೊಲ್ಲುವಷ್ಟು ಸಿಟ್ಟು ಬಂದಿತ್ತು, ಮುಖ ಕಾಣದ ಆ ಹುಡುಗನ ಮೇಲೆ.

ಊರಿನಲ್ಲಿ ಹೆಣ ಇನ್ನೂ ಪೋಸ್ಟ್‌ಮಾರ್ಟಮಿನಲ್ಲಿ. ಭಾನುವಾರದ ವಿಮಾನಕ್ಕೆ ಕರ್ಟಿಸ್ ಟಿಕೆಟ್ ಮಾಡಿದ. ಅದಕ್ಕೆ ಮೊದಲಿನ ಶುಕ್ರವಾರ ಮಧ್ಯಾಹ್ನ ಅವರ ಮನೆಯಲ್ಲಿ ದೋಹಾದಲ್ಲಿರುವ ಟ್ರಿನಿಡಾಡಿನವರೆಲ್ಲ ಸೇರಿದರು. ಅವರಲ್ಲಿ ಸತ್ತ ಮನೆಯನ್ನು ಸುಮ್ಮನೆ ಬಿಡುವ ಕ್ರಮ ಇಲ್ಲ. ಹಾಡಬೇಕು, ಇಸ್ಪೀಟು ಆಡಬೇಕು, ಸತ್ತವನ ತಮಾಷೆಯ ಕಥೆ ಹೇಳಿ ನಗಬೇಕು, ಮುಖ್ಯವಾಗಿ ತಿನ್ನಬೇಕು. ಇದೆಲ್ಲ ಆಮೇಲೆ ಗೊತ್ತಾದದ್ದು. ನಾವು ಮೂವರು, ನಾನು, ಯಶೋದಾ, ರಂಗನಾಥ್ ಸಾರ್, ಬೆಳ್ಳಗಿನ ಬಟ್ಟೆ ಹಾಕಿಕೊಂಡು ಮುಖ ಇಳಿಬಿಟ್ಟು ಹೋಗಿ ಸಾಲಾಗಿ ಕೂತೆವು. ಪಕ್ಕದಲ್ಲಿ ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಫಟ್ ಫಟ್ ಎಂದು ಕುಟ್ಟುತ್ತಾ ನಗುತ್ತಿದ್ದಾರೆ. ರಂಗನಾಥ್ ಸಾರ್ ನನ್ನ ಕಿವಿಯಲ್ಲಿ, "ಸೂತಕದ ಮನೇಲಿ ನೀರೂ ಮುಟ್ಟಬಾರದು ಕಣ್ರೀ. ಹೋದ ತಕ್ಷಣ ಸ್ನಾನ ಮಾಡಿಬಿಡಿ," ಎಂದರು. ನನ್ನ ಅಮ್ಮನೂ ಅದನ್ನೇ ಹೇಳುತ್ತಿದ್ದುದು. ಸಾವಿನ ಮನೆಯಲ್ಲಿ ಒಂದು ಗುಟುಕು ಕುಡಿದರೂ ಅದು ನಮ್ಮ ಮನೆಗೆ ದಾರಿ ಹಿಡಿಯುತ್ತದೆ ಎಂದು.

ಪ್ಲೇಟು ಬಂತು. ಬೇಡ ಎಂದೆವು. ಮತ್ತೆ ಬಂತು. ಕೈ ಅಡ್ಡ ಹಿಡಿದೆವು. ಕಡೆಗೆ ಕರ್ಟಿಸನೇ ತಂದ. ಕರಿದ ರೊಟ್ಟಿ, ಉಪ್ಪುಮೀನು, ಅವನೇ ಕೂತು ಹುರಿದದ್ದು.

"ತಿನ್ನು ಸದಾ. ಡೆಕ್ಸ್ಟರ್‌ಗೆ ಇಷ್ಟದ್ದು."

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ನಮ್ಮಲ್ಲಿ ಕ್ರಮ ಇಲ್ಲ."

"ನನ್ನ ತಮ್ಮನ ಪಾಲಿನದ್ದು ನಿನಗೆ ಹೇಸಿಗೆಯಾ?" ಡಾಮಿನೋ ಆಡುತ್ತಿದ್ದವರು ತಿರುಗಿ ನೋಡಿದರು. "ನಮ್ಮ ಊರಲ್ಲಿ ಸತ್ತವನ ಮನೆಯಲ್ಲಿ ತಿನ್ನದೆ ಏಳುವವ ಕೊಂದವನ ಕಡೆಯವ."

ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೊಂದವನ ಕಡೆಯವ ಎಂದನಲ್ಲ, ನನಗೆ ಕಣ್ಣು ಕತ್ತಲಾಯಿತು. "ಹೆಣ ಇನ್ನೂ ಮಣ್ಣಿಗೆ ಹೋಗ್ಲಿಲ್ಲ, ಇಲ್ಲಿ ಇಸ್ಪೀಟ್ ಆಡಿ ಹಲ್ಲು ಬಿಡ್ತೀರಿ. ಹೇಸಿಗೆ ಯಾವುದು ಮಾರಾಯ?" ಎಂದು ಎದ್ದು ನಿಂತೆ.

ಕೋಲು ಬಾಗಿಲ ಹಿಂದೆ ಇತ್ತು. ಅವನು ಅದನ್ನು ತೆಗೆದದ್ದು ನನಗೆ ಕಾಣಲಿಲ್ಲ. ತಲೆಯೊಳಗೆ ತೆಂಗಿನಕಾಯಿ ಒಡೆದ ಸದ್ದು ಕೇಳಿತು, ಅಷ್ಟೆ. ಬಿಸಿಯಾಗಿ ಏನೋ ಕಣ್ಣಿಗೆ ಇಳಿಯಿತು. ಬಿಳಿ ಅಂಗಿ ನೋಡನೋಡುತ್ತಿದ್ದಂತೆ ಕೆಂಪಾಯಿತು. ರಂಗನಾಥ್ ಸಾರ್ ಕುರ್ಚಿ ಸಮೇತ ಕೆಳಗೆ ಬಿದ್ದರು. ಯಶೋದಾ ಅಡುಗೆಮನೆಯಿಂದ ಬಾಣಲೆ ಎತ್ತಿಕೊಂಡು ಬಂದು ಕರ್ಟಿಸನ ಬೆನ್ನಿಗೆ ಬಾರಿಸಿದಳು, ತುಳುವಿನಲ್ಲಿ ಅವನ ಏಳು ತಲೆಮಾರನ್ನು ಬೈಯುತ್ತಾ. ಅವನಿಗೆ ಪೆಟ್ಟು ತಾಗಿದಂತೆಯೇ ಕಾಣಲಿಲ್ಲ. ಕೋಲು ಬಿಸಾಡಿ ನನ್ನನ್ನು ಕಂಕುಳಿನಲ್ಲಿ ಹಿಡಿದು ಅಂಗಳಕ್ಕೆ ಎಳೆದ. ಇಲ್ಲೇ ಹೂಳಿಬಿಡುತ್ತಾನೆ ಎಂದುಕೊಂಡೆ. ಬೋರೆ ಮರದಡಿ ನನ್ನ ತಲೆಯನ್ನು ಗುಂಡಿಯ ಮೇಲೆ ಬಗ್ಗಿಸಿ ಹಿಡಿದ. ನೆತ್ತರು ತೊಟತೊಟ ಮಣ್ಣಿಗೆ ಬಿತ್ತು. "ಮುಗೀತು ಸದಾ, ಮುಗೀತು, ಮುಗೀತು," ಎನ್ನುತ್ತಾ ಅವನು ಅಳುತ್ತಿದ್ದ.

ಎಮರ್ಜೆನ್ಸಿಯಲ್ಲಿ ಹೊಲಿಗೆ ಹಾಕಿದರು. ತಲೆ ಒಡೆದುಕೊಂಡು ಬಂದವನನ್ನು ಪೊಲೀಸು ಕೇಳಿಯೇ ಕೇಳುತ್ತಾನೆ. ಗಲ್ಫಿಗೆ ಬಂದವರೆಲ್ಲ ಮೊದಲು ಕಲಿಯುವ ಉತ್ತರ ನನ್ನ ಬಾಯಲ್ಲಿ ತಯಾರಿತ್ತು: ಮೆಟ್ಟಿಲಿನಿಂದ ಬಿದ್ದೆ. ಎಷ್ಟೇ ಸಿಟ್ಟಿರಲಿ, ತಮ್ಮನನ್ನು ಕಳೆದುಕೊಂಡವನನ್ನು ಪೊಲೀಸಿಗೆ ಕೊಡುವುದು ನನ್ನ ಜಾಯಮಾನವಲ್ಲ. ಗುಣವಾದ ಮೇಲೆ ನಾನೇ ಹೊಡೆಯುತ್ತಿದ್ದೆ. ಅಷ್ಟರಲ್ಲಿ ಮರ್ಲೀನ್ ನನ್ನ ಮಂಚದ ಹತ್ತಿರ ಬಂದು ಬಗ್ಗಿದಳು.

"ಅವನ ಹೆಸರು ಹೇಳು. ಕೇಸ್ ಮಾಡು."

ನನಗೆ ತಲೆಗೆ ಬಿದ್ದ ಪೆಟ್ಟಿನಿಂದ ಹಾಗೆ ಕೇಳುತ್ತಿದೆಯೋ ಎಂದು ಅನುಮಾನ.

"ಊರಿನಲ್ಲಿ ದೊಡ್ಡಪ್ಪನ ಮಗನ ಹತ್ತಿರ ಪಿಸ್ತೂಲು ತಯಾರು ಇಡ್ಲಿಕ್ಕೆ ಹೇಳಿದ್ದಾನೆ. ನಾನೇ ಫೋನಿನಲ್ಲಿ ಕೇಳಿದೆ. ಭಾನುವಾರ ಹೋಗುವುದು ತಮ್ಮನನ್ನು ಹೂಳ್ಲಿಕ್ಕಲ್ಲ, ಆ ಹುಡುಗನನ್ನು ಕೊಲ್ಲಲಿಕ್ಕೆ. ಕೊಂದರೆ ಆ ಗುಡ್ಡದವರು ಇವನನ್ನು ಬಿಡ್ತಾರಾ? ಅತ್ತೆ ಬರಬೇಡ ಅಂತ ಬೇಡಿಕೊಂಡ್ರು, ಕೇಳುದಿಲ್ಲ. ನಾನು ಪಾಸ್‌ಪೋರ್ಟ್ ಅಡಗಿಸಿದೆ, ಹುಡುಕಿ ತೆಗೆದ. ಕೇಸ್ ಇದ್ರೆ ಈ ದೇಶ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ ಅಲ್ವಾ? ಕೇಸ್ ಮಾಡು ಸದಾ. ನಾನು ಹೇಳಿದ್ದು ಅಂತ ಅವನಿಗೆ ಗೊತ್ತಾಗ್ಬಾರದು. ಗೊತ್ತಾದ್ರೆ ನನ್ನ ಮುಖ ನೋಡ್ಲಿಕ್ಕಿಲ್ಲ."

ಹೌದು, ಟ್ರಾವೆಲ್ ಬ್ಯಾನ್. ಇಲ್ಲಿರುವ ನಮ್ಮಂಥವರೆಲ್ಲ ಹೆಸರು ಕೇಳಿದರೇ ಹೆದರುವ ಸಂಗತಿ. ಕೇಸ್ ಮುಗಿಯುವವರೆಗೆ ಏರ್‌ಪೋರ್ಟ್ ದಾಟುವ ಹಾಗಿಲ್ಲ, ಅಪ್ಪ ಸತ್ತರೂ, ತಮ್ಮ ಸತ್ತರೂ. ಅದನ್ನು ಈ ಹೆಂಗಸು ಗಂಡನಿಗಾಗಿ ಬೇಡುತ್ತಿದ್ದಾಳೆ. ಯಶೋದಾ ನನ್ನ ಕೈ ಹಿಡಿದುಕೊಂಡು ನಿಂತಿದ್ದಳು. "ಮಾಡಿ," ಎಂದಳು. "ಜೀವ ಉಳಿದ್ರೆ ಮಾತು ಬಿಟ್ರೂ ಅಡ್ಡಿಯಿಲ್ಲ."

ಪೊಲೀಸು ಬಂದು ಕೇಳಿದಾಗ, ಪಕ್ಕದ ಮನೆಯವ ಹೊಡೆದ ಎಂದೆ.

ಅವನನ್ನು ಕರೆದುಕೊಂಡು ಹೋಗುವಾಗ ನಾನು ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಗೇಟಿನಲ್ಲಿದ್ದೆ. ಕರ್ಟಿಸ್ ಜಗಳ ಮಾಡಲಿಲ್ಲ. "ಗುಂಡಿಗೆ ಬಿಟ್ಟಿದ್ದೆವು. ನೀನೂ ಎತ್ತಿದೆ," ಎಂದ. "ನೀನೂ ಅವನ ಹಾಗೇ." ಪೊಲೀಸು "ಖಲಾಸ್, ಖಲಾಸ್," ಎನ್ನುತ್ತಾ ಕಾರಿಗೆ ಹತ್ತಿಸಿದ. ಕರ್ಟಿಸನ ಆ ಮಾತು ಕೋಲಿನ ಪೆಟ್ಟಿಗಿಂತ ನೋಯಿತು. ತನ್ನ ತಮ್ಮನನ್ನು ಕೊಂದವನ ಸಾಲಿನಲ್ಲಿ ನನ್ನನ್ನು ನಿಲ್ಲಿಸಿ ಹೋದ, ನಾನು ತುಟಿ ಬಿಚ್ಚುವ ಹಾಗಿಲ್ಲ.

ಕೆಲವು ದಿನ ಲಾಕಪ್ಪಿನಲ್ಲಿಟ್ಟು, ಪಾಸ್‌ಪೋರ್ಟ್ ಇಟ್ಟುಕೊಂಡು ಬಿಟ್ಟರು. ಆಮೇಲೆ ಒಂದೇ ಅಂಗಳದ ಎರಡು ಮೂಲೆಗಳಲ್ಲಿ ನಮ್ಮ ಬದುಕು. ಎದುರು ಸಿಕ್ಕರೆ ಅವನು ಉಗುಳುತ್ತಿದ್ದ. ನನ್ನ ಪಿಕಪ್ಪಿನ ಕನ್ನಡಿ ಒಡೆದದ್ದೂ ಅವನೇ, ನಾನು ಕೇಳಲಿಲ್ಲ. ನಮ್ಮವರಾದರೂ ಸುಮ್ಮನಿದ್ದರೇ? ದೋಹಾ ಅಲ್ ಜದೀದಾದ ಹೋಟೆಲಿನಲ್ಲಿ ಚಹಾ ಕುಡಿಯಲು ಕೂತರೆ ಊರಿನವರು ಮುಖ ತಿರುಗಿಸುತ್ತಿದ್ದರು. "ತಮ್ಮ ಸತ್ತವನ ಮೇಲೆ ಕೇಸ್ ಹಾಕಿದ ಗಂಡು ಇವನೇ." ರಂಗನಾಥ್ ಸಾರ್ ಕೂಡ, "ಸ್ವಲ್ಪ ತಾಳ್ಮೆ ಇರಬೇಕಿತ್ತು ಕಣ್ರೀ, ಪಾಪ," ಎಂದರು. ತಿನ್ನಬೇಡ ಎಂದು ಕಿವಿ ಊದಿದವರೇ ಇವರು! ಅವರ ಕುತ್ತಿಗೆ ಹಿಸುಕಬೇಕೆನಿಸಿತು. ಹಲ್ಲು ಕಚ್ಚಿಕೊಂಡೆ.

ಡೆಕ್ಸ್ಟರನನ್ನು ಮಣ್ಣು ಮಾಡಿದ ದಿನ ಕರ್ಟಿಸ್ ಬೋರೆ ಮರದಡಿ ಕೂತು ಫೋನಿನಲ್ಲಿ ನೋಡಿದ. ಡೋಲಿನ ಸದ್ದು ನಮ್ಮ ಕಿಟಕಿಗೂ ಬರುತ್ತಿತ್ತು. ಅಲ್ಲಿ ಕೋಲಿನವರೆಲ್ಲ ಎರಡು ಸಾಲಾಗಿ ನಿಂತು ಕೋಲುಗಳನ್ನು ಮೇಲೆ ಜೋಡಿಸಿ ಹಿಡಿದರಂತೆ, ಅದರಡಿಯಲ್ಲಿ ಪೆಟ್ಟಿಗೆ ಹೋಯಿತಂತೆ. ಇಲ್ಲಿ ಇವನು ಒಬ್ಬನೇ ಎದ್ದು ತನ್ನ ಕೋಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ನಿಂತ, ಫೋನು ಆರಿದ ಮೇಲೂ. ಹಿಂದಿನ ಬಾಗಿಲಿನಿಂದ ಮರ್ಲೀನ್ ಬಂದು ತನ್ನ ಫೋನನ್ನು ನನ್ನ ಕೈಗೆ ತುರುಕಿದಳು. ತೆರೆಯ ಮೇಲೆ ಕಪ್ಪು ಟೊಪ್ಪಿಯ ಒಬ್ಬ ಮುದುಕಿ.

"ನನ್ನ ಮಗನನ್ನು ಕಟ್ಟಿ ಹಾಕಿದವ ನೀನಾ?"

"ಹೌದಮ್ಮ."

"ಗಂಟು ಬಿಗಿಯಾಗಿರಲಿ," ಎಂದರು. ಅಷ್ಟು ಹೇಳಿ ಫೋನಿಟ್ಟರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚಿಗೆ ರಂಜಾನ್ ಬಂತು, ಜೊತೆಗೆ ಧೂಳಿನ ಗಾಳಿ. ಠಾಣೆಯ ಆಫೀಸರ್ ನನ್ನನ್ನು ಕರೆಸಿ, "ಪವಿತ್ರ ತಿಂಗಳು, ಕೇಸ್ ಬಿಟ್ಟುಕೊಟ್ಟೆ ಎಂದು ಸಹಿ ಮಾಡು, ಇಬ್ಬರಿಗೂ ಒಳ್ಳೆಯದು," ಎಂದ. ನೋಡುತ್ತೇನೆ ಎಂದೆ. ಸಹಿ ಮಾಡಿದರೆ ಮರುದಿನವೇ ಅವನು ವಿಮಾನ ಹತ್ತುತ್ತಾನೆ. ಮಾಡದಿದ್ದರೆ ಜೈಲು, ಕೆಲಸವೂ ಹೋಗುತ್ತದೆ. ಎರಡೂ ನನ್ನ ಪೆನ್ನಿನ ತುದಿಯಲ್ಲಿ. ಇಂಥ ಅಧಿಕಾರ ನನ್ನ ಶತ್ರುವಿಗೂ ಬೇಡ.

ಆ ಶುಕ್ರವಾರ ಮಧ್ಯಾಹ್ನ ಅಂಗಳ ಧೂಳಿಗೆ ಹಳದಿಯಾಗಿತ್ತು. ಕರ್ಟಿಸ್ ನಮ್ಮ ಬಾಗಿಲು ಬಡಿದ. ಕೈಯಲ್ಲಿ ಕೋಲು. ಯಶೋದಾ ಚೀರಿದಳು. ಅವನು ಕೋಲಿನ ಹಿಡಿ ನನ್ನ ಕಡೆ ತಿರುಗಿಸಿದ.

"ಬಾ. ನಿನ್ನ ಪೆಟ್ಟು ತಕ್ಕೋ. ತಲೆಗೆ ತಲೆ. ಆಮೇಲೆ ಹೋಗಿ ಸಹಿ ಮಾಡು."

"ಹೋಗು ಒಳಗೆ."

"ಕೈಲಾಗದಿದ್ರೆ ಹೇಳು. ಪೊಲೀಸನ್ನು ಕರೀಲಿಕ್ಕೆ ಮಾತ್ರ ಗೊತ್ತಿರುವುದಾ ನಿನಗೆ?"

ಸಾಕಾಯಿತು ನನಗೆ. ಎರಡು ತಿಂಗಳಿನಿಂದ ನುಂಗಿದ್ದೆಲ್ಲ ಒಮ್ಮೆಲೇ ಗಂಟಲಿಗೆ ಬಂತು, ಹೋಟೆಲಿನವರ ಪಿಸುಮಾತು, ಅವನ ಉಗುಳು, ನೀನೂ ಅವನ ಹಾಗೇ ಎಂದ ಆ ಮಾತು. ಕೋಲು ಕಿತ್ತುಕೊಂಡೆ. ಅವನು ಬೋರೆ ಮರದಡಿ ಹೋಗಿ ಗುಂಡಿಯ ಪಕ್ಕ ನಿಂತ, ಕೈ ಎರಡೂ ಕೆಳಗೆ. ಮರ್ಲೀನ್ ಅಡುಗೆಮನೆಯ ಮೆಟ್ಟಿಲಿನ ಮೇಲೆ ಕಲ್ಲಾಗಿದ್ದಳು. ನಾನು ಕೋಲನ್ನು ತಲೆಯ ಮೇಲೆತ್ತಿ ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಸುಳ್ಳು ಯಾಕೆ ಹೇಳಲಿ, ಹೊಡೆಯುವಾಗ ಸುಖವಾಯಿತು.

ಹೊಡೆದ ಮೇಲೆ ನೋಡಿದ್ದು ಅವನ ಕೈಗಳನ್ನು. ಬೆನ್ನ ಹಿಂದಿನಿಂದ ಎಸೆದ ಬೋರೆ ಹಣ್ಣಿಗೂ ತಾನಾಗಿ ಏಳುತ್ತಿದ್ದ ಕೈಗಳು. ತೊಡೆಯ ಪಕ್ಕದಲ್ಲಿ ಬೆರಳುಗಳು ಮುಷ್ಟಿಯಾಗಿ, ತೋಳಿನ ನರಗಳು ಹಗ್ಗದ ಹಾಗೆ ಉಬ್ಬಿ ನಡುಗುತ್ತಿದ್ದವು. ಏಳಲಿಲ್ಲ. ನೆತ್ತರು ಹುಬ್ಬು ದಾಟಿ ಗಲ್ಲಕ್ಕೆ ಇಳಿಯಿತು. ಅವನೇ ಮಂಡಿಯೂರಿ ಗುಂಡಿಯ ಮೇಲೆ ಬಗ್ಗಿದ.

ಮರ್ಲೀನ್ ಅಂಗಳಕ್ಕೆ ಇಳಿದಳು. "ನೋಡಿದೆಯಾ? ಕೈ ಏಳಲಿಲ್ಲ," ಎಂದಳು ನನಗೆ. "ಇನ್ನು ಸಹಿ ಮಾಡು." ಅಂದ ಮೇಲೆಯೇ ಅವಳಿಗೆ ಕೇಸ್ ಮಾಡಿಸಿದ್ದು ತಾನೇ ಎಂಬ ಗುಟ್ಟು ಬಯಲಾಯಿತು ಎಂದು ಹೊಳೆದದ್ದು. ಬಾಯಿ ಮುಚ್ಚಿಕೊಂಡಳು.

ಕರ್ಟಿಸ್ ತಲೆ ಎತ್ತದೆ, "ಗೊತ್ತುಂಟು," ಎಂದ.

"ಯಾವಾಗಿಂದ?" ಎಂದೆ ನಾನು.

"ಲಾಕಪ್ಪಿನಲ್ಲಿ ಕೂತು ಯೋಚನೆ ಮಾಡಿದೆ. ಕಾರಿಗೆ ಒದ್ದವ ನೀನು. ಪರೋಟವನ್ನು ಬಿಡಿಸ್ಲಿಕ್ಕೆ ಸ್ಪ್ಯಾನರ್ ತಂದವ. ನೀನಾಗಿದ್ರೆ ಮರುದಿನ ಬಂದು ನನ್ನ ತಲೆ ಒಡೀತಿದ್ದೆ. ಪೊಲೀಸಿನ ಹತ್ತಿರ ಹೋಗುವಷ್ಟು ತಾಳ್ಮೆ ನಿನಗೆಲ್ಲುಂಟು?"

"ಗೊತ್ತಿದ್ದೂ ಉಗುಳಿದ್ಯಾ ಬೇವರ್ಸಿ?"

"ಸಿಟ್ಟು ಯಾರ ಮೇಲಾದ್ರೂ ಹಾಕ್ಬೇಕಲ್ಲ ಮಾರಾಯ."

ಆಸ್ಪತ್ರೆಯಲ್ಲಿ ಪೊಲೀಸು ಕೇಳಿದಾಗ ಕರ್ಟಿಸ್, ಮೆಟ್ಟಿಲಿನಿಂದ ಬಿದ್ದೆ ಎಂದ. ವಾಪಸ್ ಬಂದ ಮೇಲೆ ಮರ್ಲೀನ್ ಉಪ್ಪುಮೀನು ಹುರಿದಳು. ನಾನು ತಿಂದೆ. ಯಶೋದಾ ಮೂಗು ಹಿಡಿದುಕೊಂಡು, ಆಮೇಲೆ ಬಿಟ್ಟು, ತಿಂದಳು. ಮರುದಿನ ಠಾಣೆಗೆ ಹೋಗಿ ಸಹಿ ಮಾಡಿದೆ.

ಅವರು ಕೆಲಸ ಬಿಟ್ಟು ಊರಿಗೆ ಹೋದರು. ಗೇಟಿನಲ್ಲಿ ನಾನು, "ಕೈ ಜಾಗ್ರತೆ," ಎಂದೆ. ಅವನು ಕಾರು ಹತ್ತಿದ. ಆಮೇಲೆ ಸುದ್ದಿಯೇ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ನಾನು ದಿನಾ ಮೊಬೈಲಿನಲ್ಲಿ ಆ ದ್ವೀಪದ ಸುದ್ದಿ ಹುಡುಕುತ್ತಿದ್ದೆ, ಯಾರೋ ಯಾರನ್ನೋ ಕೊಂದದ್ದು ಇದ್ದೇ ಇರುತ್ತಿತ್ತು, ಮೊದಲು ಸತ್ತವನ ಹೆಸರು ಓದುತ್ತಿದ್ದೆ. ಯಶೋದಾ ಬೈದು ಫೋನು ಕಿತ್ತುಕೊಳ್ಳುತ್ತಿದ್ದಳು.

ಜೂನಿನ ಒಂದು ಶುಕ್ರವಾರ, ಹೊರಗೆ ಬೆಂಕಿಯಂಥ ಬಿಸಿಲು, ಊಟ ಮಾಡಿ ಮಲಗಿದ್ದೆ. ಅವನ ಫೋನು ಬಂತು. ಅಲ್ಲಿ ಆಗಷ್ಟೇ ಬೆಳಗು, ಹಿಂದೆ ಕೋಳಿ ಕೂಗುತ್ತಿತ್ತು.

"ಅವನು ಸಿಕ್ಕಿದ," ಎಂದ.

ನಾನು ಎದ್ದು ಕೂತೆ.

"ಡಬಲ್ಸ್ ಗಾಡಿಯ ಎದುರು ನಿಂತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತ್ರು. ತಿರುಗಿ ನೋಡಿದ್ರೆ ಅವನೇ. ಇಷ್ಟು ಹತ್ತಿರ. ಎಳೆ ಮೀಸೆ ಸದಾ, ಇನ್ನೂ ಸರಿಯಾಗಿ ಬರಲೂ ಇಲ್ಲ."

"ಕೈ?" ಎಂದೆ. ಮತ್ತೊಮ್ಮೆ ಕೇಳಿದೆ. "ಕರ್ಟಿಸ್, ಕೈ?"

"ಎದ್ದಿತು."

ಯಶೋದಾ ನನ್ನ ಮುಖ ನೋಡಿ ಓಡಿ ಬಂದಳು.

"ಎದ್ದದ್ದು ಸೀದಾ ನನ್ನ ನೆತ್ತಿಗೆ ಹೋಯ್ತು ಮಾರಾಯ. ನೀನು ಹೊಡೆದ ಜಾಗಕ್ಕೆ. ಅಲ್ಲೇ ಉಜ್ಜಿಕೊಳ್ತಾ ನಿಂತೆ. ಅವನಿಗೂ ನನ್ನ ಗುರುತು ಸಿಕ್ಕಿತು, ಓಡ್ಲಿಲ್ಲ. ಗಾಡಿಯವನಿಗೆ ಎಂತ ಗೊತ್ತು? ಇಬ್ಬರ ಮುಖವನ್ನೂ ನೋಡಿ ಕೇಳಿದ, ಖಾರ ಎಷ್ಟು ಅಂತ. ಇಬ್ಬರೂ ಒಟ್ಟಿಗೆ ಸ್ವಲ್ಪ ಅಂದೆವು."

"ಆಮೇಲೆ?"

"ಆಮೇಲೆ ಎಂತ? ಅವ ಆ ಕಡೆ ನಿಂತು ತಿಂದ, ನಾನು ಈ ಕಡೆ ನಿಂತು ತಿಂದೆ."